ಕ್ಯಾಚರ್‌ಗೊಂದು ಸಂಬಂಧ

2006ರ ಜೂನ್ ತಿಂಗಳಲ್ಲಿ ಸಿಡ್ನಿಯ ಪಶ್ಚಿಮದ ಸಬರ್ಬ್ ಒಂದರ ಎಡಗೈ ಪಿಚರ್‌ನನ್ನು ಅಮೆರಿಕದ ದಕ್ಷಿಣ ಭಾಗದ ವಿಶ್ವವಿದ್ಯಾಲಯವೊಂದು ತನ್ನ ಬೇಸ್‌ಬಾಲ್ ತಂಡಕ್ಕೆ ಸೇರಿಸಿಕೊಂಡಿತು. ಹುಡುಗನನ್ನು ಅಲ್ಲಿಗೆ ಮುಟ್ಟಿಸಿದವರು ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವ. ಭಾವನಿಗೆ ಬೇಸ್‌ಬಾಲ್ ಬರುವುದಿಲ್ಲ. ಆಡಲು ಬರುವುದಿಲ್ಲ ಎಂದಷ್ಟೇ ಅಲ್ಲ, ನೋಡಲೂ ಬರುವುದಿಲ್ಲ! ಚೆಂಡು ಎತ್ತ ಹೋಯಿತು ಎಂದು ಕೇಳಿದರೆ ಸುತ್ತಲಿನ ಜನ ಎತ್ತ ನೋಡುತ್ತಿದ್ದಾರೋ ಅತ್ತ ಕೈ ತೋರಿಸುತ್ತಾರೆ. ಆದರೂ ಮುಂದಿನ ಎರಡು ವರ್ಷ, ಅಮೆರಿಕಕ್ಕೆ ಹೋದ ಹುಡುಗರ ಮುಂದಿನ ದಾರಿ ಯಾವುದು ಎಂಬ ಪ್ರಶ್ನೆ ಎದ್ದಾಗೆಲ್ಲ ಹೆತ್ತವರು ಬಂದು ಬೆಲ್ ಒತ್ತುತ್ತಿದ್ದದ್ದು ಸಿಡ್ನಿಯ ವೆಸ್ಟ್‌ಮೀಡ್ ಸ್ಟೇಷನ್ ಪಕ್ಕದ ಭಾವನ ಫ್ಲಾಟಿನಲ್ಲಿ. ಎಲ್ಲರಿಗೂ ಭಾವ ಪತ್ರ ಬರೆದುಕೊಟ್ಟರು. ಒಬ್ಬನ ಪರವಾಗಿ ಮಾತ್ರ ಒಂದು ಸಾಲೂ ಬರೆಯಲಿಲ್ಲ. ಆ ಒಬ್ಬ ಅವರ ಮಗ ಸುಹಾಸ್.

ಭಾವ ಉಡುಪಿ ಕಡೆಯವರು. ಸಂಬಳ ಕೊಡುವುದು ಆಸ್ಪತ್ರೆಯ ಲ್ಯಾಬು; ಅಲ್ಲಿ ರಕ್ತ ಪರೀಕ್ಷೆ ಮಾಡುತ್ತಾರೆ. ಆದರೆ ಅವರ ನಿಜವಾದ ಕಸುಬು ಮದುವೆ ಮಾಡಿಸುವುದು. ಸಿಡ್ನಿಯ ಎಪ್ಪಿಂಗ್‌ನ ಹುಡುಗಿಗೆ ಮೆಲ್ಬರ್ನಿನ ಹುಡುಗ, ಮೆಲ್ಬರ್ನಿನ ಹುಡುಗಿಗೆ ಕಾಯಂ ನೆಲೆಸುವ ಪಿಆರ್ ವೀಸಾ ಸಿಕ್ಕಿ ಆಗಷ್ಟೇ ನಿಟ್ಟುಸಿರು ಬಿಟ್ಟ ಇನ್ನೊಬ್ಬ ಹುಡುಗ, ಹೀಗೆ ಈ ಖಂಡದಲ್ಲಿ ಅವರು ಜೋಡಿಸಿದ ಸಂಬಂಧಗಳಿಗೆ ಲೆಕ್ಕವಿಲ್ಲ. ಕಮಿಷನ್ ಇಲ್ಲ, ಮದುವೆಯ ಊಟ ಒಂದೇ ಫೀಸು. ಈ ಕೆಲಸದಲ್ಲಿ ಅವರಿಗೆ ಎರಡು ಕಟ್ಟುನಿಟ್ಟಿನ ನಿಯಮಗಳಿದ್ದವು.

ಮೊದಲನೆಯದು, ಹುಡುಗನ ಒಂದು ದೋಷವನ್ನು ಹೇಳಲೇಬೇಕು. "ಎಲ್ಲ ಸರಿ ಉಂಟು ಅಂದ್ರೆ ಯಾರು ನಂಬ್ತಾರೆ ಮಾರಾಯ? ಹೆಣ್ಣಿನ ಕಡೆಯವ್ರು ಸೀದಾ ಪೊಲೀಸ್ ಸ್ಟೇಷನ್ನಿಗೆ ಹೋಗಿ ವಿಚಾರಿಸ್ತಾರೆ. ಗೊರಕೆ ಹೊಡೀತಾನೆ ಅಂತ ಒಂದು ಮಾತು ಹೇಳು, ಉಳಿದದ್ದೆಲ್ಲ ಸತ್ಯ ಅಂತ ಒಪ್ತಾರೆ."

ಎರಡನೆಯದು, ಹುಡುಗನ ಅಪ್ಪ ಬಾಯಿ ತೆರೆಯಬಾರದು. ಮಗನ ಗುಣವನ್ನು ಮೂರನೆಯವರು ಹೇಳಬೇಕು. ಅಪ್ಪ ಪಕ್ಕದಲ್ಲಿ ಕೂತು ಕಾಫಿ ಕುಡಿಯಬೇಕು. ಮಗನನ್ನು ತಾನೇ ಹೊಗಳುವ ಅಪ್ಪನನ್ನು ಕಂಡರೆ ಭಾವನಿಗೆ ಮೈಯೆಲ್ಲ ಮುಜುಗರ.

ಇಂಥವರು ಬೇಸ್‌ಬಾಲಿಗೆ ಬಂದದ್ದು ಹೇಗೆ? ಮಗನಿಂದ. ಸುಹಾಸ್ ಹೈಸ್ಕೂಲಿನಲ್ಲಿದ್ದಾಗ ಕ್ರಿಕೆಟ್ ಬಿಟ್ಟು ಬೇಸ್‌ಬಾಲ್ ಹಿಡಿದ. ಅದರಲ್ಲೂ ಕ್ಯಾಚರ್ ಆದ. ಪಿಚರ್ ಎಂದರೆ ಎಸೆಯುವವನು. ಕ್ಯಾಚರ್ ಎಂದರೆ ಬ್ಯಾಟಿನವನ ಬೆನ್ನ ಹಿಂದೆ, ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿಕೊಂಡು ಆಟ ಮುಗಿಯುವ ತನಕ ಕುಕ್ಕರಗಾಲಿನಲ್ಲಿ ಕೂರುವವನು. ಕ್ರಿಕೆಟ್ಟಿನ ದೇಶದಿಂದ ಬಂದು, ಕ್ರಿಕೆಟ್ಟಿನ ದೇಶದಲ್ಲಿ ಬೆಳೆದು, ಬೇಸ್‌ಬಾಲ್! ಕನ್ನಡಿಗರ ಪಿಕ್‌ನಿಕ್ಕಿನಲ್ಲಿ ಇದು ದೊಡ್ಡ ಸುದ್ದಿಯಾಯಿತು. ಬೆಂಗಳೂರಿನ ಐಟಿ ಅಂಕಲ್ ಒಬ್ಬರು ಭಾವನನ್ನು ಸಾಂತ್ವನ ಹೇಳುವವರಂತೆ ಪಕ್ಕಕ್ಕೆ ಕರೆದರು.

"ಏನ್ ಸಾರ್ ಇದು? ಇನ್ನೂ ಟೈಮ್ ಇದೆ, ಕ್ರಿಕೆಟ್ ಕೋಚಿಂಗ್‌ಗೆ ಹಾಕ್ಬಿಡಿ ಸಾರ್."

"ಕ್ರಿಕೆಟ್ಟಿಗೆ ಕ್ಯೂ ಉಂಟು ಮಾರಾಯ್ರೆ. ಇದಕ್ಕೆ ಇಲ್ಲ."

"ಆದ್ರೂ ಸಾರ್, ನಾಳೆ ಇಂಡಿಯಾದಲ್ಲಿ ಯಾರಾದ್ರೂ ಕೇಳಿದ್ರೆ ಏನ್ ಹೇಳ್ತೀರಿ?"

"ವಿಕೆಟ್ ಕೀಪರ್ ಅಂತ ಹೇಳ್ತೇನೆ. ಮುಖ ಮುಚ್ಚಿರ್ತದಲ್ಲ, ಯಾರಿಗೆ ಗೊತ್ತಾಗ್ತದೆ?"

ಭಾವ ಪ್ರತಿ ಭಾನುವಾರ ಮಗನ ಕ್ಲಬ್ಬಿನ ಮೈದಾನಕ್ಕೆ ಹೋಗುತ್ತಿದ್ದರು. ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಕೋಡುಬಳೆ. ಆದರೆ ಕುರ್ಚಿಯ ಮುಖ ಮೈದಾನದ ಕಡೆಗಿರುತ್ತಿರಲಿಲ್ಲ! ಹುಡುಗರು ಬಂದು ಕೂರುವ ಬೆಂಚಿನ ಕಡೆಗಿರುತ್ತಿತ್ತು. ಒಮ್ಮೆ ಜೊತೆಗೆ ಹೋಗಿದ್ದ ನಾನು, ಅಷ್ಟು ದೂರ ಬಂದು ಆಟ ನೋಡದಿದ್ದರೆ ಹೇಗೆ ಎಂದೆ.

"ಆಟ ನೋಡಿದ್ರೆ ಎಂತ ಗೊತ್ತಾಗ್ತದೆ? ಸೋತ ಮೇಲೆ ಯಾರು ಬ್ಯಾಗ್ ಬಿಸಾಡ್ತಾನೆ, ಯಾರು ಇನ್ನೊಬ್ಬನದ್ದೂ ಹೊತ್ಕೊಂಡು ಹೋಗ್ತಾನೆ, ಅದನ್ನು ನೋಡ್ಬೇಕು."

ಬೇಸ್‌ಬಾಲಿನಲ್ಲಿ ಮುಂದೆ ಹೋಗಬೇಕೆನ್ನುವ ಇಲ್ಲಿಯ ಹುಡುಗರು ಶಾಲೆ ಮುಗಿಸಿ ಅಮೆರಿಕದ ಜೂನಿಯರ್ ಕಾಲೇಜು ಸೇರುವುದುಂಟು. ನಮ್ಮ ಪಿಯುಸಿಯ ಹಾಗೆ ಎರಡು ವರ್ಷ. ಆಮೇಲೆ ವಿಶ್ವವಿದ್ಯಾಲಯದ ಕೋಚ್ ಯಾರಾದರೂ ಕರೆದರೆ ಸ್ಕಾಲರ್‌ಶಿಪ್, ಓದು, ಆಟ ಮೂರೂ ಮುಂದುವರಿಯುತ್ತವೆ. ಪ್ರೊಫೆಷನಲ್ ತಂಡ ಕರೆದರೆ ಆಟವೇ ಉದ್ಯೋಗ. ಯಾರೂ ಕರೆಯದಿದ್ದರೆ ಸಿಡ್ನಿಯ ವಿಮಾನ. ಅದೇ ಕ್ಲಬ್ಬಿನ ಆ ಎಡಗೈ ಪಿಚರ್, ಅವನ ಹೆಸರು ಡೀನ್ ಎಂದಿಟ್ಟುಕೊಳ್ಳಿ, ಅಲ್ಲಿ ಎರಡನೆಯ ವರ್ಷ ಓದುತ್ತ ವಿಮಾನ ಹತ್ತುವವರ ಸಾಲಿನಲ್ಲಿದ್ದ. ಅವನ ತಾಯಿ ಬಸ್ ಓಡಿಸುವವರು. ಮೈದಾನದ ಕ್ಯಾಂಟೀನಿನ ಎದುರು ನಿಂತು, ಮಗ ಚೆನ್ನಾಗಿ ಎಸೆದರೂ ಯಾವ ಕೋಚ್ ಕಣ್ಣಿಗೂ ಬೀಳುತ್ತಿಲ್ಲ ಎಂದು ಅವರು ಕಣ್ಣೊರೆಸಿಕೊಂಡರು. ಪಕ್ಕದಲ್ಲಿ ಕೋಡುಬಳೆ ಮೆಲ್ಲುತ್ತಿದ್ದ ಭಾವ ನೆಟ್ಟಗಾದರು. ಹುಡುಗ ಒಳ್ಳೆಯವನು, ವಯಸ್ಸು ಮೀರುತ್ತಿದೆ, ಕೇಳುವವರು ಬರುತ್ತಿಲ್ಲ. ಇದು ಅವರಿಗೆ ಗೊತ್ತಿದ್ದ ಕಷ್ಟ!

"ಸಂಬಂಧ ಕೂಡಿ ಬರ್ಲಿಲ್ಲ ಅಂತ ಹೇಳಿ. ಅದಕ್ಕೆ ಅಳುವುದು ಎಂತಕ್ಕೆ?" ಎಂದು ಅವರು ಕನ್ನಡದಲ್ಲೇ ಹೇಳಿದರಂತೆ. ಆ ತಾಯಿಗೆ ಅರ್ಥವಾಗದಿದ್ದರೂ ಅಳು ನಿಂತಿತು.

ಕ್ರಿಸ್ಮಸ್ ರಜೆಗೆ ಬಂದಿದ್ದ ಡೀನ್‌ನನ್ನು ಮನೆಗೆ ಕರೆಸಿ, ನೀರುದೋಸೆ ಬಡಿಸಿ, ಭಾವ ಒಂದು ಬಯೋಡೇಟಾ ಸಿದ್ಧಪಡಿಸಿದರು. ನಾನು ಮೆಲ್ಬರ್ನಿನ ಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದುವವನಾದ್ದರಿಂದ ಇಂಗ್ಲಿಷ್ ತಿದ್ದಲು ಅದು ನನಗೆ ಇಮೇಲಿನಲ್ಲಿ ಬಂತು. ತಾತ್ಪರ್ಯ ಇಷ್ಟು: "ಎತ್ತರದ ಆಳು. ಮೈಬಣ್ಣ ಬಿಳಿ, ಬಿಸಿಲಿಗೆ ಕೆಂಪಾಗುತ್ತದೆ. ಗೌರವಸ್ಥ ಕುಟುಂಬ. ಒಬ್ಬಳೇ ತಂಗಿ, ಓದುತ್ತಿದ್ದಾಳೆ. ಸಿಗರೇಟು ಇಲ್ಲ. ಬಿಯರ್ ಇದೆ, ಹಬ್ಬಹರಿದಿನಗಳಲ್ಲಿ. ತಾಯಿಗೆ ವಾರವಾರ ಫೋನ್ ಮಾಡುತ್ತಾನೆ. ದೋಷ: ಬೆಳಿಗ್ಗೆ ಯಾರಾದರೂ ಎಬ್ಬಿಸದಿದ್ದರೆ ಏಳುವುದಿಲ್ಲ." ಜೊತೆಗೆ ಒಂದು ಫೋಟೋ. ಚೆಂಡು ಎಸೆಯುವ ಭಂಗಿಯಲ್ಲಲ್ಲ! ಯಾರದೋ ಕೋಟು ತೊಟ್ಟು ಕೈಕಟ್ಟಿ ನಿಂತ ಪೂರ್ಣಾಕೃತಿ.

ನಾನು ಫೋನ್ ಮಾಡಿದೆ. "ಭಾವ, ಎಷ್ಟು ವೇಗವಾಗಿ ಎಸೀತಾನೆ ಅಂತಲೇ ಇಲ್ವಲ್ಲ ಇದ್ರಲ್ಲಿ!"

"ಅದಕ್ಕೆ ಅವ್ರ ಹತ್ರ ಮಷಿನ್ ಉಂಟು ಮಾರಾಯ. ಮಷಿನಿಗೆ ಕಾಣದ್ದನ್ನು ನಾವು ಹೇಳ್ಬೇಕು."

"ಮೈಬಣ್ಣವನ್ನಾದ್ರೂ ತೆಗೀತೇನೆ."

"ತೆಗಿ, ತೆಗಿ. ನೀನು ಓದಿದವ."

ನಾನು ತೆಗೆದೆ. ಅವರು ಮತ್ತೆ ಸೇರಿಸಿ ಕಳಿಸಿದರು.

ಕಳಿಸುವಾಗ ಇನ್ನೊಂದು ತೊಡಕು. ರಾಹುಕಾಲದಲ್ಲಿ ಇಮೇಲ್ ಹೋಗಬಾರದು. ಸರಿ, ಆದರೆ ಯಾವ ಊರಿನ ರಾಹುಕಾಲ? ಸಿಡ್ನಿಯದ್ದೋ ಅಮೆರಿಕದ್ದೋ? ಎರಡನ್ನೂ ತಪ್ಪಿಸಲು ಹೊರಟರೆ ದಿನದಲ್ಲಿ ಉಳಿಯುವ ಹೊತ್ತಿಗೆ ಭಾವನಿಗೆ ಲ್ಯಾಬಿನ ಡ್ಯೂಟಿ. ಊರಿನ ಪುರೋಹಿತರಿಗೆ ಫೋನ್ ಹೋಯಿತು. ಇಂಟರ್‌ನೆಟ್ಟಿಗೆ ಶಾಸ್ತ್ರದಲ್ಲಿ ಆಧಾರವಿಲ್ಲ ಎಂದು ಅವರು ಕೈಚೆಲ್ಲಿದರು. ಕೊನೆಗೆ ಭಾವನೇ ತೀರ್ಪು ಕೊಟ್ಟರು: "ಒಪ್ಪುವುದು ಬಿಡುವುದು ಅವ್ರ ಕೈಯಲ್ಲಿ ಉಂಟಲ್ಲ, ಹಾಗಾಗಿ ಅವ್ರ ಊರಿನದ್ದು." ಅಂದಿನಿಂದ ಅಕ್ಕನ ಅಡುಗೆಮನೆಯ ಗೋಡೆಯಲ್ಲಿ ಎರಡು ಗಡಿಯಾರ.

ಹಲವು ಕೋಚ್‌ಗಳು ಉತ್ತರಿಸಲೇ ಇಲ್ಲ. ದಕ್ಷಿಣದ ಒಬ್ಬರು ಉತ್ತರಿಸಿದರು. "ಆಟಗಾರರ ಬಗ್ಗೆ ನನಗೆ ದಿನವೂ ಹೊಗಳಿಕೆ ಬರುತ್ತದೆ. ದೂರು ಬಂದದ್ದು ಇದೇ ಮೊದಲು. ಎಬ್ಬಿಸಲು ನಮ್ಮಲ್ಲಿ ಜನ ಇದ್ದಾರೆ. ಹುಡುಗನ ಆಟ ನೋಡಿದ್ದೇನೆ, ತೆಗೆದುಕೊಳ್ಳುತ್ತೇನೆ." ಡೀನ್‌ನ ತಾಯಿ ಒಂದು ದೊಡ್ಡ ಚಾಕೊಲೇಟ್ ಕೇಕ್ ತಂದುಕೊಟ್ಟರು. ಅದರಲ್ಲಿ ಮೊಟ್ಟೆ ಇದೆ ಎಂದು ತಿಳಿದ ಭಾವ ಅದನ್ನು ಭಕ್ತಿಯಿಂದ ನೋಡಿ ಪಕ್ಕದ ಫ್ಲಾಟಿಗೆ ದಾಟಿಸಿದರು.

ಅದೇ ವರ್ಷ ಆಗಸ್ಟಿನಲ್ಲಿ ಸುಹಾಸ್ ಕೂಡ ಕ್ಯಾನ್ಸಸ್‌ನ ಜೂನಿಯರ್ ಕಾಲೇಜೊಂದಕ್ಕೆ ಹೊರಟ. ಅವನ ಎರಡು ವರ್ಷದ ಗಡಿಯಾರವೂ ಶುರುವಾಯಿತು. ಇತ್ತ ಭಾವನ ಖ್ಯಾತಿ ಹಬ್ಬಿತ್ತು. ಮರುವರ್ಷ ಮೆಲ್ಬರ್ನಿನಿಂದ ಕರೆ ಬಂತು. ಅಲ್ಲೊಬ್ಬ ಹುಡುಗ, ಜೂನಿಯರ್ ಕಾಲೇಜು ಮುಗಿಸಿದವನು. ಅವನನ್ನು ವಿಶ್ವವಿದ್ಯಾಲಯ ಕೇಳಿರಲಿಲ್ಲ. ಪ್ರೊಫೆಷನಲ್ ತಂಡವೇ ಕೇಳಿತ್ತು! ಕೊಡಬೇಕೋ ಬೇಡವೋ ಎಂದು ಅವನ ಅಪ್ಪನಿಗೆ ಗೊಂದಲ. ಭಾವ ಕಾರಿನಲ್ಲಿ ಬಂದು ಮೆಲ್ಬರ್ನಿನ ಹೊರವಲಯದ ಟ್ರುಗನಿನಾದಲ್ಲಿದ್ದ ನನ್ನ ಮನೆಯಲ್ಲಿಳಿದರು. ಸುತ್ತ ಆಗಿನ್ನೂ ಅರ್ಧ ಕಟ್ಟಿದ ಮನೆಗಳು, ಆಚೆಗೆ ಗೋದಾಮುಗಳು. "ಇಲ್ಲಿ ಹೆಣ್ಣು ಕೊಡುವವರು ಕೂಡ ದಾರಿ ತಪ್ಪಿಸ್ಕೊಳ್ತಾರೆ" ಎಂದು ನಾನು ಸಾಲ ಮಾಡಿ ಕೊಂಡ ಮನೆಯನ್ನು ಒಂದು ಮಾತಿನಲ್ಲಿ ಮುಗಿಸಿ, ಮರುದಿನ ಬಾಳೆಹಣ್ಣಿನ ಚಿಪ್ಪು ಹಿಡಿದು ಆ ಹುಡುಗನ ಮನೆಗೆ ಹೊರಟರು. ನಾನು ಡ್ರೈವರ್.

ಪ್ರೊಫೆಷನಲ್ ತಂಡದ ಪ್ರತಿನಿಧಿ ಅಲ್ಲೇ ಇದ್ದ. ಕಪ್ಪು ಕನ್ನಡಕ, ಒಳ್ಳೆಯ ಬೂಟು. ಹುಡುಗನ ಭವಿಷ್ಯವನ್ನು ಬಹಳ ಚೆನ್ನಾಗಿ ಬಣ್ಣಿಸಿದ. ಭಾವ ಎಲ್ಲವನ್ನೂ ಕೇಳಿ ನನ್ನ ಕಿವಿಯಲ್ಲಿ, "ದೊಡ್ಡ ಮನೆತನ ಮಾರಾಯ. ಸೊಸೆಯನ್ನು ಮೆರವಣಿಗೆಯಲ್ಲಿ ತರ್ತಾರೆ, ಆಮೇಲೆ ಅಡುಗೆಮನೆಯಲ್ಲಿ ಇದ್ದಾಳೆ ಅಂತ ಮರ್ತುಬಿಡ್ತಾರೆ" ಎಂದರು. ಆಮೇಲೆ ಇಂಗ್ಲಿಷಿನಲ್ಲಿ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕೆ ಮೊದಲು ಇಲ್ಲಿಂದ ಕರೆದುಕೊಂಡು ಹೋದಿರಲ್ಲ, ಆ ಹುಡುಗನ ಫೋನ್ ನಂಬರ್ ಕೊಡಿ."

ಆತ ಕನ್ನಡಕ ತೆಗೆದ. ಇಷ್ಟು ವರ್ಷಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ ಎಂದು ನಕ್ಕು, ನಂಬರ್ ಕೊಟ್ಟ. ಭಾವ ಆ ಹಿಂದಿನ ಹುಡುಗನ ಜೊತೆ ಊಟ, ನಿದ್ದೆ, ಬಟ್ಟೆ ಒಗೆಯುವುದು, ಬಸ್ಸಿನ ಪ್ರಯಾಣ, ಹಿರಿಯ ಆಟಗಾರರ ಕಿರಿಕಿರಿ ಎಲ್ಲವನ್ನೂ ವಿಚಾರಿಸಿದರು. ಬ್ಯಾಟಿಂಗ್ ಬಗ್ಗೆ ಒಂದು ಮಾತಿಲ್ಲ. ಫೋನಿಟ್ಟು ನನ್ನ ಕಡೆ ತಿರುಗಿದರು: "ಸೊಸೆ ಸುಖವಾಗಿದ್ದಾಳೆ. ಕೊಡ್ಬಹುದು." ನಾನು ಆ ಅಪ್ಪನಿಗೆ ಇದನ್ನು ಯೋಗ್ಯವಾದ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಹುಡುಗ ಸಹಿ ಮಾಡಿದ.

ಹೀಗೆ ಊರಿನ ಹುಡುಗರೆಲ್ಲ ಒಂದೊಂದು ದಡ ಸೇರುತ್ತಿರುವಾಗ 2008 ಬಂತು. ಸುಹಾಸ್‌ನ ಎರಡನೆಯ ವರ್ಷ ಮುಗಿಯುತ್ತ ಬಂದಿತ್ತು. ಯಾವ ಕೋಚ್‌ನ ಕರೆಯೂ ಇಲ್ಲ. ಮೇ ತಿಂಗಳಿನಲ್ಲಿ ನಾನು ರಜೆಗೆ ವೆಸ್ಟ್‌ಮೀಡ್‌ಗೆ ಹೋದಾಗ ಮನೆಯಲ್ಲಿ ಅದೊಂದೇ ಮಾತು.

"ಕಂಡವರ ಮಕ್ಕಳಿಗೆಲ್ಲ ಬರ್ದು ಕೊಡ್ತೀರಿ. ನಮ್ಮವನಿಗೆ ಬರೀಲಿಕ್ಕೆ ಕೈಗೆ ಎಂತ ಆಗಿದೆ?" ಎಂದು ಅಕ್ಕ.

"ಹುಡುಗನ ಅಪ್ಪ ನಾನು. ನಾನು ಹೇಳಿದ್ರೆ ಅದಕ್ಕೆ ಬೆಲೆ ಉಂಟಾ?"

"ಮತ್ತೆ ಯಾರು ಹೇಳ್ಬೇಕು?"

"ಮೂರನೆಯವ್ರು ಹೇಳ್ಬೇಕು."

"ಸಿಡ್ನಿಯಲ್ಲಿ ಬೇಸ್‌ಬಾಲಿಗೆ ಮೂರನೆಯವ್ರು ಅಂತ ಇರುವುದೇ ನೀವೊಬ್ರು!"

ಭಾವ ಕಾಫಿ ಲೋಟ ಎತ್ತಿಕೊಂಡರು. ಅಕ್ಕ ನನ್ನ ಕಡೆ ತಿರುಗಿದಳು. ನಾನು ಬರೆಯಲೇ ಎಂದು ಕೇಳಿದೆ. "ತಾಯಿಯ ತಮ್ಮ ಮೂರನೆಯವ ಹೇಗಾಗ್ತಾನೆ?" ಎಂದು ಭಾವ ಅದನ್ನೂ ತಳ್ಳಿಹಾಕಿದರು. ಸುಹಾಸ್‌ಗೆ ಫೋನ್ ಮಾಡಿ, ನೀನಾದರೂ ಅಪ್ಪನಿಗೆ ಹೇಳು ಎಂದೆ. ಅವನಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದು ಇಂಗ್ಲಿಷ್. "ನೋ ವರೀಸ್ ಮಾಮ, ಐಯಾಮ್ ಫೈನ್" ಎಂದ. ಎರಡು ವರ್ಷದಲ್ಲಿ ಅವನು ನಮಗೆ ಕಳಿಸಿದ ಸುದ್ದಿಯೆಲ್ಲ ಇಷ್ಟೇ.

ಮರುದಿನ ಭಾನುವಾರ. ಅಕ್ಕ ಕಾವಲಿಗೆ ನೀರುದೋಸೆ ಹುಯ್ಯುತ್ತಿದ್ದಳು. ಫೋನ್ ಬಂತು. ಡೀನ್‌ನನ್ನು ತೆಗೆದುಕೊಂಡಿದ್ದ ಅದೇ ದಕ್ಷಿಣದ ಕೋಚ್. ಆತನ ಇಂಗ್ಲಿಷ್ ಅರ್ಥ ಮಾಡಿಕೊಳ್ಳಲು ಇಡೀ ಸಂಸಾರ ಬೇಕಾಗುತ್ತಿದ್ದುದರಿಂದ ಭಾವ ಯಾವಾಗಲೂ ಸ್ಪೀಕರ್ ಹಾಕುತ್ತಿದ್ದರು. ಅಂದೂ ಹಾಕಿದರು.

"ಸರ್, ನನಗೊಬ್ಬ ಕ್ಯಾಚರ್ ಬೇಕು. ಕ್ಯಾನ್ಸಸ್‌ನಲ್ಲಿ ನಿಮ್ಮ ಕ್ಲಬ್ಬಿನವನೇ ಒಬ್ಬನಿದ್ದಾನೆ. ನೋಡಿ ಬಂದೆ. ಕೈ ಚೆನ್ನಾಗಿದೆ. ನನ್ನ ಜೊತೆಯವರೆಲ್ಲ ತೆಗೆದುಕೊಳ್ಳೋಣ ಅನ್ನುತ್ತಾರೆ. ನಾನು ಬೇಡ ಅಂದೆ."

ಅಕ್ಕನ ಕೈಯ ಸೌಟು ನಿಂತಿತು.

"ಯಾಕೆ?" ಎಂದರು ಭಾವ.

"ನಿಮ್ಮಿಂದಾಗಿ. ಎರಡು ವರ್ಷದಿಂದ ಆ ಕ್ಲಬ್ಬಿನ ಪ್ರತಿ ಹುಡುಗನ ಬಗ್ಗೆಯೂ ನೀವು ನನಗೆ ಬರೆದಿದ್ದೀರಿ. ಬೆಳಿಗ್ಗೆ ಏಳದವನ ಬಗ್ಗೆ ಬರೆದಿರಿ, ಸಾಕ್ಸ್ ಒಗೆಯದವನ ಬಗ್ಗೆ ಬರೆದಿರಿ. ಇವನ ಬಗ್ಗೆ ಒಂದಕ್ಷರ ಇಲ್ಲ. ನೀವೇ ಬಾಯಿ ಬಿಡದಷ್ಟು ಕೆಟ್ಟದ್ದು ಏನು ಮಾಡಿದ್ದಾನೆ ಸರ್ ಅವನು? ಪೊಲೀಸ್ ಕೇಸೇ?"

ನಮ್ಮ ಕಡೆಯ ಹೆಸರುಗಳ ಪದ್ಧತಿಯಲ್ಲಿ ಅಪ್ಪನ ಪಾಸ್‌ಪೋರ್ಟಿನ ಕೊನೆಯ ಹೆಸರು ಒಂದು, ಮಗನದು ಇನ್ನೊಂದು. ಕೋಚ್‌ಗೆ ಗೊತ್ತಾಗುವುದಾದರೂ ಹೇಗೆ? ಸುಹಾಸ್ ಹೇಳಿಕೊಂಡಿರಲಿಲ್ಲ, ಡೀನ್‌ನನ್ನು ಕೇಳಬೇಕೆಂದು ಆತನಿಗೆ ಹೊಳೆದಿರಲಿಲ್ಲ. ಕಾವಲಿಯ ಮೇಲೆ ದೋಸೆ ಸೀಯತೊಡಗಿತು. ಯಾರೂ ತೆಗೆಯಲಿಲ್ಲ.

"ಅವನು ನನ್ನ ಮಗ" ಎಂದರು ಭಾವ.

ಕೋಚ್ ಕೇಳಿದರು. "ಮತ್ತೆ ಯಾಕೆ ಬರೆಯಲಿಲ್ಲ?"

"ಅದಕ್ಕೇ ಬರೆಯಲಿಲ್ಲ."

ಇದು ಆತನಿಗೆ ಅರ್ಥವಾಯಿತೋ ಇಲ್ಲವೋ ತಿಳಿಯದು. "ಸರಿ ಸರ್" ಎಂದರು. "ನಿಮ್ಮ ಪತ್ರಗಳಲ್ಲಿ ನಾನು ಮೊದಲು ಓದುವುದು ಕೊನೆಯ ಸಾಲನ್ನು. ಇವನ ಕೊನೆಯ ಸಾಲು ಏನು?"

ಇಷ್ಟು ಹುಡುಗರ ದೋಷವನ್ನು ಕೋಡುಬಳೆ ಮುರಿದಷ್ಟು ಸಲೀಸಾಗಿ ಹೇಳಿದ್ದ ಮನುಷ್ಯ ಈಗ ಮೇಜಿನ ಮೇಲಿನ ಚಟ್ನಿ ಬಟ್ಟಲನ್ನು ಅತ್ತ ಸರಿಸಿದರು, ಇತ್ತ ಸರಿಸಿದರು. ಆಮೇಲೆ ತಮ್ಮ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳತೊಡಗಿದರು.

"ನೋವಾದರೆ ಹೇಳುವುದಿಲ್ಲ. ಅವನು ಶಾಲೆಯಲ್ಲಿದ್ದಾಗ ಮೆಲ್ಬರ್ನಿನಲ್ಲಿ ಟೂರ್ನಮೆಂಟ್ ಇತ್ತು. ನನ್ನ ಹೆಂಡತಿಯ ತಮ್ಮನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಇವನು ಎಡಗೈಯಲ್ಲಿ ತಿನ್ನುತ್ತಿದ್ದ. ನಮ್ಮಲ್ಲಿ ಎಡಗೈಯಲ್ಲಿ ತಿನ್ನಬಾರದು. ನಾನು ಎಲ್ಲರೆದುರು ಬೈದೆ. ಅವನು ಏನೂ ಹೇಳದೆ ಕೈ ಬದಲಿಸಿದ. ಬಲಗೈಯಲ್ಲಿ ಅನ್ನ ಕಲಸಿ ಪೂರ್ತಿ ಊಟ ಮಾಡಿದ. ಮರುದಿನ ಆಟ ಆಡಿದ. ಸಿಡ್ನಿಗೆ ಬಂದ ಮೇಲೆ ಅವನ ತಾಯಿ ನೋಡಿ ಎಕ್ಸ್‌ರೇ ತೆಗೆಸಿದಳು. ಬಲಗೈ ಬೆರಳು ಮುರಿದಿತ್ತು."

ಭಾವ ಚಟ್ನಿ ಬಟ್ಟಲನ್ನು ಮತ್ತೆ ಇದ್ದಲ್ಲಿಗೇ ತಂದಿಟ್ಟರು.

"ಆದ್ದರಿಂದ ಅವನನ್ನು ಕೇಳಬೇಕು. ಆಟ ಮುಗಿದ ಮೇಲೆ ಪ್ರತಿ ಸಲ ಕೇಳಬೇಕು. ಫೈನ್ ಅನ್ನುತ್ತಾನೆ. ಆಗ ಇನ್ನೊಮ್ಮೆ ಕೇಳಬೇಕು. ನಾನು ಕೇಳಲಿಲ್ಲ."

"ಕೇಳುತ್ತೇನೆ ಸರ್" ಎಂದು ಕೋಚ್ ಫೋನಿಟ್ಟರು. ತೆಗೆದುಕೊಳ್ಳುತ್ತೇನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಅಕ್ಕ ಕಪ್ಪಾದ ದೋಸೆಯನ್ನು ಕಾವಲಿಯಿಂದ ಕೆರೆದು ತೆಗೆದು, ಹೊಸದೊಂದನ್ನು ಹುಯ್ದು ಭಾವನ ತಟ್ಟೆಗೆ ಹಾಕಿದಳು. ಭಾವ ಅದನ್ನು ತಿನ್ನದೆ ಎದ್ದು ಸ್ನಾನಕ್ಕೆ ಹೋದರು. ಬಾತ್‌ರೂಮಿನಲ್ಲಿ ನಲ್ಲಿಯ ನೀರು ಬಹಳ ಹೊತ್ತು ಸುರಿಯುತ್ತಿತ್ತು.

ಸುಹಾಸ್ ಆ ವರ್ಷ ಆಗಸ್ಟಿನಲ್ಲಿ ಆ ವಿಶ್ವವಿದ್ಯಾಲಯ ಸೇರಿದ. ಪ್ರೊಫೆಷನಲ್ ತಂಡಗಳು ಯಾವುವೂ ಈವರೆಗೆ ಅವನನ್ನು ಕೇಳಿಲ್ಲ. 2009ರ ಏಪ್ರಿಲ್‌ನಲ್ಲಿ ಅಕ್ಕ ಮತ್ತು ಭಾವ ರಜೆ ಹಾಕಿ ಅವನ ಆಟ ನೋಡಲು ಅಮೆರಿಕಕ್ಕೆ ಹೋದರು. ಅವರು ಮೈದಾನಕ್ಕೆ ಹೋದ ದಿನ ಅವನು ಆಡಲಿಲ್ಲ. ಮೊಣಕಾಲು ನೋಯುತ್ತಿದೆ ಎಂದು ಬೆಳಿಗ್ಗೆ ತಾನಾಗಿಯೇ ಹೋಗಿ ಕೋಚ್‌ಗೆ ಹೇಳಿ, ಬೆಂಚಿನಲ್ಲಿ ಕೂತಿದ್ದ.